ಶನಿವಾರ ವಾಡೆಯಿಂದ ಫುಲೆ ವಾಡೆಗೆ: ಶಾಲಾ ಪ್ರವಾಸ ಕರೆದೊಯ್ಯುವವರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕದ ಪ್ರಾಥಮಿಕ ಹಾಗೂ ಪ್ರೌಢಶಾಲೆಗಳ ಮುಖ್ಯ ಶಿಕ್ಷಕರಿಗೆ, ಸಹಶಿಕ್ಷಕರಿಗೆ ಮತ್ತು ಶಾಲಾ ಪ್ರವಾಸಗಳಿಗೆ ಅನುಮತಿ ನೀಡುವ ಶಿಕ್ಷಣಾಧಿಕಾರಿಗಳಿಗೆ,

ಮಾನ್ಯರೇ,

ಗಡಿ ಭಾಗದ ಪ್ರೌಢಶಾಲೆಗಳಲ್ಲಿ ಮೂರು ದಶಕ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದವಳು ನಾನು. ನಮ್ಮ ಕಡೆಯ ಶಾಲೆಗಳಿಗೆ ಪುಣೆ ದೂರದ ಊರಲ್ಲ. ರಾತ್ರಿ ಬಸ್ಸು ಹತ್ತಿದರೆ ಬೆಳಗಿನ ಹೊತ್ತಿಗೆ ಮಕ್ಕಳು ಅಲ್ಲಿರುತ್ತಾರೆ. ಹೀಗೆ ಹೋಗಿಬರುವ ನಮ್ಮ ಮಕ್ಕಳು ಪುಣೆಯಲ್ಲಿ ಏನನ್ನು ನೋಡುತ್ತಾರೆ, ಯಾವುದನ್ನು ನೋಡದೆ ಹಿಂದಿರುಗುತ್ತಾರೆ ಎಂಬ ವಿಷಯದಲ್ಲಿ ನನ್ನ ಮನಸ್ಸಿನಲ್ಲಿ ಬಹಳ ದಿನಗಳಿಂದ ಉಳಿದಿರುವ ನೋವನ್ನೂ, ಅದರಿಂದ ಹುಟ್ಟಿದ ಕೆಲವು ಬೇಡಿಕೆಗಳನ್ನೂ ತಮ್ಮ ಮುಂದೆ ಇಡಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ನಡೆದದ್ದನ್ನು ಮೊದಲು ಹೇಳುತ್ತೇನೆ. ನಿವೃತ್ತಿಯ ನಂತರ ಒಮ್ಮೆ, ಹಳೆಯ ಪರಿಚಯದ ಶಾಲೆಯೊಂದು ತನ್ನ ಒಂಬತ್ತನೆಯ ತರಗತಿಯ ಮಕ್ಕಳನ್ನು ಪುಣೆಗೆ ಕರೆದೊಯ್ಯುವಾಗ ಹೆಣ್ಣುಮಕ್ಕಳ ಜೊತೆಗಿರಲೆಂದು ನನ್ನನ್ನೂ ಕರೆಯಿತು. ಪ್ರವಾಸದ ಪಟ್ಟಿಯಲ್ಲಿ ಪೇಶ್ವೆಯರ ಅರಮನೆಯಾಗಿದ್ದ ಶನಿವಾರ ವಾಡೆ, ಗಣಪತಿ ದೇವಸ್ಥಾನ, ವಿಶ್ರಾಮಬಾಗ್ ವಾಡೆ, ತರಕಾರಿ ಮಂಡಿ, ಸಂಜೆಗೆ ಖರೀದಿ ಇದ್ದವು. ಪಟ್ಟಿಯ ಕೊನೆಯಲ್ಲಿ, ನನ್ನ ಒತ್ತಾಯದ ಮೇಲೆ, ಮಹಾತ್ಮಾ ಫುಲೆ ವಾಡೆ ಎಂದು ಬರೆಯಲಾಗಿತ್ತು. ಸಮಾಜ ಸುಧಾರಕರಾದ ಜ್ಯೋತಿರಾವ್ ಫುಲೆ ಮತ್ತು ಅವರ ಹೆಂಡತಿ ಸಾವಿತ್ರಿಬಾಯಿ ಬಾಳಿದ ಮನೆ ಅದು. ಆ ದಿನ ಶನಿವಾರ ವಾಡೆಯ ಮುಂದೆ ಮಕ್ಕಳು ಒಂದೂವರೆ ಗಂಟೆ ಕಳೆದರು. ದಿಲ್ಲಿ ದರ್ವಾಜೆಯ ಮೊಳೆಗಳನ್ನು ಮುಟ್ಟಿ ನೋಡಿದರು, ಫೋಟೊ ತೆಗೆಸಿಕೊಂಡರು. ಸಂಜೆ ನಾಲ್ಕು ದಾಟಿದಾಗ ಪಟ್ಟಿಯಲ್ಲಿ ಉಳಿದಿದ್ದುದು ಎರಡೇ ಅಂಶಗಳು, ಫುಲೆಯವರ ಮನೆ ಮತ್ತು ಖರೀದಿ. ಗಲ್ಲಿಗಳು ಇಕ್ಕಟ್ಟು, ಬಸ್ಸು ಹೋಗುವುದಿಲ್ಲ, ಅಲ್ಲಿ ನೋಡುವಂಥದ್ದೇನೂ ಇಲ್ಲ, ಅದೊಂದು ಹಳೆಯ ಮನೆಯಷ್ಟೇ ಎಂದು ಮಾತಾಯಿತು, ಮನೆ ಬಿಟ್ಟುಹೋಯಿತು. ಬಸ್ಸಿನಲ್ಲಿ ನನ್ನ ಪಕ್ಕ ಕುಳಿತಿದ್ದ ಹುಡುಗಿ ಆ ವರ್ಷದ ಜನವರಿ 3ರಂದು ಶಾಲೆಯಲ್ಲಿ ಸಾವಿತ್ರಿಬಾಯಿಯ ವೇಷ ಹಾಕಿ ಭಾಷಣ ಮಾಡಿದವಳು. ಅವಳು ನನ್ನನ್ನು ಕೇಳಿದ್ದು ಇಷ್ಟೇ: "ಟೀಚರ್, ಅವರ ಮನೆ ಇನ್ನೂ ಐತೇನ್ರಿ?"

ಐತಿ ಎಂದೆ. ಅದಕ್ಕಿಂತ ಹೆಚ್ಚು ಹೇಳಲು ನನಗೆ ಆಗಲಿಲ್ಲ. ಮುಂದಿನ ತಿಂಗಳು ನಾನೊಬ್ಬಳೇ ಪುಣೆಗೆ ಹೋಗಿ, ಶನಿವಾರ ವಾಡೆಯ ಮುಂದಿನಿಂದ ನಡೆಯುತ್ತಲೇ ಗಂಜ್ ಪೇಟೆಗೆ ಹೋದೆ. ಎರಡು ಕಿಲೋಮೀಟರಿನ ಆಸುಪಾಸು ಇರಬಹುದು. ನನ್ನ ವಯಸ್ಸಿನವಳಿಗೆ ನಿಧಾನವಾಗಿ ನಡೆದರೂ ಮುಕ್ಕಾಲು ಗಂಟೆಯ ದಾರಿ. ಆ ಪೇಟೆಗೆ ಈಗ ಮಹಾತ್ಮಾ ಫುಲೆ ಪೇಟೆ ಎಂದೇ ಹೆಸರು.

ನಮ್ಮ ಉತ್ತರ ಕರ್ನಾಟಕದವರಿಗೆ ವಾಡೆ ಎಂದರೆ ದೇಸಾಯರದೋ ಗೌಡರದೋ ಕೋಟೆಯಂಥ ಮನೆ ಕಣ್ಣ ಮುಂದೆ ಬರುತ್ತದೆ. ಫುಲೆ ವಾಡೆ ಹಾಗಿಲ್ಲ. ಹೆಂಚಿನ ಮಾಡು, ಮರದ ಕಂಬ, ತಗ್ಗಿ ಹೋಗಬೇಕಾದ ಬಾಗಿಲು, ಅಂಗಳ, ಒಂದು ಬಾವಿ, ಒಂದು ತುಳಸಿ ಕಟ್ಟೆ. ದುಡಿದು ಉಣ್ಣುವ ಕುಟುಂಬವೊಂದು ತನಗೆ ಬೇಕಾದಷ್ಟು ಕಟ್ಟಿಕೊಂಡ ಮನೆ. ಮಹಾರಾಷ್ಟ್ರದ ಪುರಾತತ್ತ್ವ ಇಲಾಖೆ ಅದನ್ನು ಸಂರಕ್ಷಿತ ಸ್ಮಾರಕವಾಗಿ ಉಳಿಸಿಕೊಂಡಿದೆ. ಜನ ಅದನ್ನು ಸಮತಾ ಭೂಮಿ ಎಂದು ಕರೆಯುತ್ತಾರೆ. ಅಲ್ಲಿ ನೋಡುವಂಥದ್ದೇನೂ ಇಲ್ಲ ಎಂದವರ ಮಾತಿಗೆ ಕಾರಣ ನನಗೆ ಆ ಅಂಗಳದಲ್ಲಿ ನಿಂತಾಗ ತಿಳಿಯಿತು. ಆ ಮನೆಯಲ್ಲಿ ನಡೆದದ್ದು ಗೊತ್ತಿಲ್ಲದವರಿಗೆ ಅಲ್ಲಿ ಕಾಣಿಸುವುದು ನಿಜವಾಗಿಯೂ ಒಂದು ಹಳೆಯ ಮನೆ ಮಾತ್ರ. ಆದರೆ ಗೊತ್ತು ಮಾಡಿಸಬೇಕಾದವರು ಯಾರು, ಮಾನ್ಯರೇ? ಅದು ನಮ್ಮದೇ ಕೆಲಸವಲ್ಲವೇ?

ಆದ್ದರಿಂದ ಆ ಮನೆಯ ಬಗ್ಗೆ, ತಮಗೆ ಗೊತ್ತಿರುವುದನ್ನೇ ಆದರೂ, ಕೆಲವು ಮಾತು ಹೇಳಲು ಅನುಮತಿ ಕೋರುತ್ತೇನೆ.

ನೀರಿನಿಂದ ಆರಂಭಿಸುತ್ತೇನೆ. ಪೇಶ್ವೆಯರ ಆಳ್ವಿಕೆ 1818ರಲ್ಲಿ ಮುಗಿಯಿತು. ಜ್ಯೋತಿರಾವ್ ಹುಟ್ಟಿದ್ದು 1827ರ ಏಪ್ರಿಲ್ 11ರಂದು. ಆಳ್ವಿಕೆ ಹೋಗಿದ್ದರೂ ಅದರ ಕಟ್ಟಳೆಗಳು ಪುಣೆಯ ಬೀದಿಗಳಲ್ಲಿ ಹಾಗೆಯೇ ಉಳಿದಿದ್ದವು, ಅಸ್ಪೃಶ್ಯರೆನಿಸಿಕೊಂಡವರು ಮೇಲ್ಜಾತಿಯವರ ನೀರನ್ನು ಮುಟ್ಟುವಂತಿರಲಿಲ್ಲ. ಅಂಥ ಊರಿನಲ್ಲಿ 1868ರಲ್ಲಿ ಜ್ಯೋತಿರಾವ್ ತಮ್ಮ ಮನೆಯ ನೀರಿನ ತೊಟ್ಟಿಯನ್ನು ಅವರಿಗೆ ತೆರೆದರು. ಬಾಬಾಸಾಹೇಬ್ ಅಂಬೇಡ್ಕರರು ಮಹಾಡದ ಚವದಾರ್ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದದ್ದು 1927ರಲ್ಲಿ, ಎಂದರೆ ಅದಕ್ಕೆ 59 ವರ್ಷಗಳ ನಂತರ. ಬುದ್ಧ, ಕಬೀರರ ಜೊತೆಗೆ ಫುಲೆಯವರನ್ನು ಅಂಬೇಡ್ಕರರು ತಮ್ಮ ಮೂರನೆಯ ಗುರುವೆಂದು ಕರೆದದ್ದು ತಮಗೆ ತಿಳಿದಿದೆ. ಪಾಠದಲ್ಲಿ ಈ ಎರಡು ಇಸವಿಗಳನ್ನು ಒಂದು ಸಾಲಿನಲ್ಲಿ ಹೇಳಿ ಮುಗಿಸಬಹುದು. ಆ ಅಂಗಳದಲ್ಲಿ ಬಾವಿಯ ಪಕ್ಕ ನಿಂತು ಹೇಳಿದರೆ, ಈ ನೀರನ್ನು ಕೊಟ್ಟದ್ದಕ್ಕಾಗಿ ಒಂದು ಕುಟುಂಬ ತನ್ನ ಜಾತಿಯವರಿಂದ ಏನೇನು ಕೇಳಬೇಕಾಯಿತು ಎಂಬುದನ್ನು ಮಕ್ಕಳು ತಾವಾಗಿಯೇ ಕೇಳುತ್ತಾರೆ.

ಎರಡನೆಯದು ಆ ಮನೆಗೆ ರಾತ್ರಿ ಹೊತ್ತು ಬರುತ್ತಿದ್ದ ಹೆಂಗಸರ ವಿಷಯ. ಬಾಲ್ಯದಲ್ಲೇ ವಿಧವೆಯಾದ, ಮರುಮದುವೆಗೆ ಅವಕಾಶವಿಲ್ಲದ ಬ್ರಾಹ್ಮಣ ಹೆಣ್ಣುಮಕ್ಕಳು ಮನೆಯವರದೇ ದೌರ್ಜನ್ಯಕ್ಕೆ ಸಿಕ್ಕಿ ಬಸಿರಾದಾಗ ಅವರಿಗಿದ್ದ ದಾರಿಗಳು ಎರಡೇ, ತಾವು ಸಾಯುವುದು ಅಥವಾ ಹೆತ್ತ ಕೂಸನ್ನು ಕೊಲ್ಲುವುದು. 1863ರಲ್ಲಿ ಫುಲೆ ದಂಪತಿಗಳು ಅಂಥವರಿಗಾಗಿ ಶಿಶುಹತ್ಯೆ ತಡೆಯುವ ಆಶ್ರಯವನ್ನು ತಮ್ಮ ಮನೆಯಲ್ಲೇ ತೆರೆದರು. ಯಾರ ಹೆಸರನ್ನೂ ಕೇಳದೆ, ಹೆರಿಗೆ ಮಾಡಿಸಿ, ಕೂಸನ್ನು ಬಿಟ್ಟುಹೋಗುವುದಾದರೆ ಸಾಕುತ್ತೇವೆಂದು ಹೇಳಿ, ಸಾವಿತ್ರಿಬಾಯಿ ಆ ಹೆಂಗಸರ ಬಾಣಂತನ ಮಾಡಿದರು. ತೋಟಗಾರಿಕೆಯ ಮಾಳಿ ಜಾತಿಯ ಹೆಣ್ಣುಮಗಳೊಬ್ಬಳು, ಕಲಿಸಲು ಶಾಲೆಗೆ ಹೋಗುವಾಗ ತನ್ನ ಮೇಲೆ ಸಗಣಿ ಎರಚಿದವರ ಮನೆಯ ಹೆಣ್ಣುಮಕ್ಕಳಿಗೆ ಬಾಣಂತನ ಮಾಡಿದಳು ಎಂಬುದನ್ನು ನೆನೆದರೆ ನನಗೆ ಈಗಲೂ ಗಂಟಲು ಕಟ್ಟುತ್ತದೆ. ಹಾಗೆ ಬಂದ ಒಬ್ಬ ವಿಧವೆಯ ಮಗನನ್ನೇ ಅವರು ದತ್ತು ತೆಗೆದುಕೊಂಡು ಯಶವಂತ ಎಂದು ಬೆಳೆಸಿದರು, ಆತ ಡಾಕ್ಟರಾದ. 1897ರ ಪ್ಲೇಗಿನಲ್ಲಿ ಆತನ ಚಿಕಿತ್ಸಾಲಯಕ್ಕೆ ಪುಣೆಯ ಹತ್ತಿರದ ಮುಂಢವಾ ಎಂಬ ಊರಿನ ಮಹಾರರ ಕೇರಿಯಿಂದ ರೋಗ ತಗುಲಿದ ಹುಡುಗನೊಬ್ಬನನ್ನು ಸಾವಿತ್ರಿಬಾಯಿ ಬೆನ್ನ ಮೇಲೆ ಹೊತ್ತು ತಂದರು. ಹುಡುಗ ಬದುಕಿದ, ಅವರು ಬದುಕಲಿಲ್ಲ. ಅದು ಮಾರ್ಚ್ 10.

ಇನ್ನು ಅಂಗಳದ ತುಳಸಿ ಕಟ್ಟೆ. ಅದರ ಮುಂದೆ ಕೈಮುಗಿದು ಹೋಗುವವರೇ ಹೆಚ್ಚು. ಅದು ಯಾಕೆ ಅಲ್ಲಿದೆ ಎಂಬುದನ್ನು ಮಕ್ಕಳಿಗೆ ಹೇಳಬೇಕು. ಜ್ಯೋತಿರಾವ್ ತಮ್ಮ ದೇಹವನ್ನು ಸುಡದೆ, ಉಪ್ಪಿನಲ್ಲಿ ಇಟ್ಟು ಮನೆಯ ಹಿತ್ತಲಿನಲ್ಲೇ ಮಣ್ಣು ಮಾಡಬೇಕೆಂದು 1887ರ ಉಯಿಲಿನಲ್ಲಿ ಬರೆದಿದ್ದರು, ಅದಕ್ಕೆ ಗುಂಡಿಯನ್ನೂ ತೆಗೆಸಿದ್ದರು. 1890ರ ನವೆಂಬರ್ 28ರಂದು ಅವರು ತೀರಿಕೊಂಡಾಗ ವಸತಿ ಪ್ರದೇಶವೆಂಬ ಕಾರಣಕ್ಕೆ ಅದಕ್ಕೆ ಅನುಮತಿ ಸಿಗಲಿಲ್ಲ. ದಹನ ಮಾಡಬೇಕಾಯಿತು. ದತ್ತುಮಗ ಮಡಕೆ ಹಿಡಿಯಬಾರದೆಂದು ಬಂಧುಗಳು ತಕರಾರು ತೆಗೆದಾಗ ಸಾವಿತ್ರಿಬಾಯಿಯೇ ಮಡಕೆ ಹಿಡಿದು ಶವಯಾತ್ರೆಯ ಮುಂದೆ ನಡೆದರು. ಆಮೇಲೆ ಅಸ್ಥಿಯನ್ನು ತಂದು ಅವರು ಬಯಸಿದ್ದ ಜಾಗದಲ್ಲೇ ಇಟ್ಟು ಕಟ್ಟಿದ್ದು ಈ ಸಮಾಧಿ. ಹೆಂಡತಿ ಗಂಡನ ಚಿತೆಗೆ ಬೆಂಕಿ ಕೊಟ್ಟದ್ದು 1890ರಲ್ಲಿ. ಇಂದಿಗೂ ನಮ್ಮ ಊರುಗಳಲ್ಲಿ ಎಷ್ಟು ಮಂದಿ ಹೆಂಗಸರು ಸ್ಮಶಾನದ ಬಾಗಿಲವರೆಗಾದರೂ ಹೋಗುತ್ತಾರೆ? ಹೆಣ್ಣುಮಕ್ಕಳ ತರಗತಿಯಲ್ಲಿ ಈ ಪ್ರಶ್ನೆಯನ್ನು ನಾನು ಕೇಳಿದ್ದೇನೆ. ಆ ದಿನದ ಮೌನವನ್ನು ಮರೆತಿಲ್ಲ.

1888ರಲ್ಲಿ ಪಾರ್ಶ್ವವಾಯು ಬಡಿದು ಬಲಗೈ ನಿಂತುಹೋದ ಮೇಲೆ ಜ್ಯೋತಿರಾವ್ ಎಡಗೈಯಿಂದ ಬರೆಯುವುದನ್ನು ರೂಢಿ ಮಾಡಿಕೊಂಡು ತಮ್ಮ ಕೊನೆಯ ಪುಸ್ತಕವನ್ನು ಮುಗಿಸಿದರು. ಅಕ್ಷರ ಕಲಿಯಲು ಬೇಸರಪಡುವ ಮಕ್ಕಳಿಗೆ ಇದನ್ನು ಹೇಳುವಾಗ ಬೇರೆ ವಿವರಣೆ ಬೇಕಾಗುವುದಿಲ್ಲ.

ಇಷ್ಟೆಲ್ಲ ನಡೆದ ಮನೆ ತಾನಾಗಿ ಉಳಿದುಬಂದದ್ದಲ್ಲ. ಯಶವಂತರ ಮರಣದ ನಂತರ ಅವರ ಕುಟುಂಬ ಬಡತನಕ್ಕೆ ಬಿದ್ದು ಮನೆ ಪರರ ಪಾಲಾಗಿತ್ತು. ಜನ ಅದನ್ನು ಮರಳಿ ಸ್ಮಾರಕವಾಗಿಸಿಕೊಂಡಿದ್ದಾರೆ. ಅದೇ ಪುಣೆಯ ಬುಧವಾರ ಪೇಟೆಯಲ್ಲಿ, ಗಣಪತಿ ದೇವಸ್ಥಾನದ ಎದುರಿಗೇ, 1848ರಲ್ಲಿ ಇಪ್ಪತ್ತೊಂದರ ಜ್ಯೋತಿರಾವ್ ಮತ್ತು ಹದಿನೇಳರ ಸಾವಿತ್ರಿಬಾಯಿ ಹೆಣ್ಣುಮಕ್ಕಳ ಶಾಲೆ ತೆರೆದ ಭಿಡೆ ವಾಡೆ ಇತ್ತು. ವರ್ಷಗಟ್ಟಲೆ ವ್ಯಾಜ್ಯ ನಡೆದು, ಕಟ್ಟಡ ಶಿಥಿಲವಾಗಿ, ಕೊನೆಗೆ 2023ರ ಡಿಸೆಂಬರಿನಲ್ಲಿ ಸ್ಮಾರಕ ಕಟ್ಟುವುದಕ್ಕಾಗಿ ಅದನ್ನು ಕೆಡವಲಾಯಿತು. ಮುಂದೆ ಅಲ್ಲಿ ಏನೇ ಎದ್ದು ನಿಂತರೂ, ಆ ಹುಡುಗಿಯರು ಏರಿಹೋದ ಮೆಟ್ಟಿಲು ಇನ್ನು ಯಾರಿಗೂ ಕಾಣಸಿಗದು. ನಾವು ಮಕ್ಕಳನ್ನು ಆ ದೇವಸ್ಥಾನದ ಸಾಲಿನಲ್ಲಿ ಎಷ್ಟೋ ಸಲ ನಿಲ್ಲಿಸಿದ್ದೇವೆ. ಬೀದಿಯ ಆಚೆಗೆ ತಿರುಗಿ ನೋಡಿ ಎಂದು ಹೇಳಲಿಲ್ಲ. ನಾನೂ ಹೇಳಲಿಲ್ಲ. ಈ ದೂರಿನಲ್ಲಿ ನನ್ನ ಪಾಲೂ ಇದೆ ಎಂಬುದನ್ನು ಒಪ್ಪಿಕೊಂಡೇ ಬರೆಯುತ್ತಿದ್ದೇನೆ.

ಈಗ ದೂರಿನ ಮುಖ್ಯ ಭಾಗಕ್ಕೆ ಬರುತ್ತೇನೆ. ನಮ್ಮ ರಾಜ್ಯದ ಶಾಲೆಗಳಲ್ಲಿ ಜನವರಿ 3ರ ಸಾವಿತ್ರಿಬಾಯಿ ಜಯಂತಿ ಈಗ ದೊಡ್ಡದಾಗಿ ನಡೆಯುತ್ತಿರುವುದು ಸಂತೋಷದ ವಿಷಯ. ನಾನು ಸೇವೆಗೆ ಸೇರಿದಾಗ ಅವರ ಹೆಸರು ನಮ್ಮ ಸಿಬ್ಬಂದಿ ಕೋಣೆಯಲ್ಲಿ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಆದರೆ ಆ ಆಚರಣೆಯ ಭಾಷಣಗಳನ್ನು ವರ್ಷ ವರ್ಷವೂ ಕೇಳುತ್ತಾ ಬಂದವಳಾಗಿ ಹೇಳುತ್ತೇನೆ: ನಾವು ಮಕ್ಕಳಿಗೆ ಹೇಳುತ್ತಿರುವುದು ಸಗಣಿ ಎರಚಿದ ಕಥೆ ಮತ್ತು ಅದಕ್ಕಾಗಿ ಆಕೆ ಬದಲಿಸಲು ಒಯ್ಯುತ್ತಿದ್ದ ಇನ್ನೊಂದು ಸೀರೆಯ ಕಥೆ ಮಾತ್ರ. ಸಗಣಿ ಎರಚಿದವರು ಯಾರು, ಯಾಕೆ ಎರಚಿದರು ಎಂಬಲ್ಲಿಗೆ ಬಂದಾಗ ಭಾಷಣ 'ಕೆಲವು ಸಂಪ್ರದಾಯಸ್ಥರು' ಎಂದು ಹಾದುಹೋಗುತ್ತದೆ. ಜಾತಿ ಎಂಬ ಶಬ್ದ ಬರುವುದಿಲ್ಲ. ನೀರಿನ ತೊಟ್ಟಿ ಬರುವುದಿಲ್ಲ, ವಿಧವೆಯರ ಹೆರಿಗೆ ಬರುವುದಿಲ್ಲ. 1873ರ ಸೆಪ್ಟೆಂಬರ್ 24ರಂದು ಸ್ಥಾಪನೆಯಾದ ಸತ್ಯಶೋಧಕ ಸಮಾಜ ಬರುವುದಿಲ್ಲ, ಪುರೋಹಿತರಿಲ್ಲದೆ ಅದು ನಡೆಸಿದ ಮದುವೆಗಳು ಬರುವುದಿಲ್ಲ. ಸಾವಿತ್ರಿಬಾಯಿಯ ಜೊತೆ ಕೆಲಸ ಮಾಡಿದ ಫಾತಿಮಾ ಶೇಖ್ ಅವರ ಹೆಸರು, 1856ರಲ್ಲಿ ಸಾವಿತ್ರಿಬಾಯಿ ತಮ್ಮ ಕೈಯಾರೆ ಪತ್ರದಲ್ಲಿ ಬರೆದ ಹೆಸರು, ಒಂದೋ ಬರುವುದಿಲ್ಲ, ಇಲ್ಲವೇ ತಡವರಿಸುತ್ತಾ ಬರುತ್ತದೆ. ದೇಶದ ಮೊದಲ ಶಿಕ್ಷಕಿ ಎಂದು ಹೂಹಾರ ಹಾಕಿ, ಆಕೆ ಕಲಿಸಿದ್ದು ಏನು ಎಂಬುದನ್ನು ಬಿಟ್ಟುಬಿಟ್ಟರೆ ಅದು ಗೌರವವೆನಿಸುವುದೇ?

ಆಕೆಯ ಶಾಲೆಯಲ್ಲಿ ಕಲಿತ ಮುಕ್ತಾ ಎಂಬ, ಅಸ್ಪೃಶ್ಯವೆನಿಸಿಕೊಂಡಿದ್ದ ಮಾಂಗ ಜಾತಿಯ ಹುಡುಗಿ, ಸುಮಾರು ಹದಿನಾಲ್ಕು ವರ್ಷದವಳು, ತನ್ನ ಜನರ ಸಂಕಟದ ಬಗ್ಗೆ ಬರೆದ ಪ್ರಬಂಧ 1855ರಲ್ಲಿ 'ಜ್ಞಾನೋದಯ' ಪತ್ರಿಕೆಯಲ್ಲಿ ಅಚ್ಚಾಯಿತು. ದೊಡ್ಡ ದೊಡ್ಡ ಕಟ್ಟಡಗಳ ಅಡಿಪಾಯಕ್ಕೆ ತನ್ನ ಜನರನ್ನು ಬಲಿಹಾಕುತ್ತಿದ್ದರೆಂದು ಆ ಹುಡುಗಿ ಬರೆದಿದ್ದಾಳೆ. ನಮ್ಮ ಒಂಬತ್ತನೆಯ ತರಗತಿಯ ಮಕ್ಕಳ ವಯಸ್ಸಿನವಳೇ ಅವಳು. ಶನಿವಾರ ವಾಡೆಯ ಗೋಡೆಯ ಎತ್ತರವನ್ನು ನೋಡಿ ಬೆರಗಾಗುವ ಮಕ್ಕಳಿಗೆ, ಅದೇ ಊರಿನ ಗೋಡೆಗಳ ಬಗ್ಗೆ ಅವರದೇ ವಯಸ್ಸಿನ ಹುಡುಗಿಯೊಬ್ಬಳು ಏನು ಬರೆದಳೆಂದು ಹೇಳದಿದ್ದರೆ ನಾವು ತೋರಿಸಿದ್ದು ಅರ್ಧ ಪುಣೆ. ಅರಮನೆ ತೋರಿಸಬೇಡಿ ಎಂದು ನಾನು ಹೇಳುತ್ತಿಲ್ಲ. 1732ರಲ್ಲಿ ಎದ್ದುನಿಂತ, 1828ರ ಬೆಂಕಿಯಲ್ಲಿ ಸುಟ್ಟುಹೋದ ಆ ವಾಡೆಯೂ ಚರಿತ್ರೆಯೇ. ಅದನ್ನು ನೋಡಿಯೇ ಗಂಜ್ ಪೇಟೆಗೆ ನಡೆಯಬೇಕು, ಆಗ ಎರಡೂ ಅರ್ಥವಾಗುತ್ತವೆ.

ಪಟ್ಟಿಯಲ್ಲಿದ್ದ ಇನ್ನೆರಡು ಸ್ಥಳಗಳನ್ನೇ ನೋಡಿ. ವಿಶ್ರಾಮಬಾಗ್ ವಾಡೆಯ ಕೆತ್ತನೆಯನ್ನು ಮಕ್ಕಳಿಗೆ ತೋರಿಸಲಾಯಿತು. 1852ರ ನವೆಂಬರಿನಲ್ಲಿ, ಶಾಲೆಗಳನ್ನು ನಡೆಸಿದ್ದಕ್ಕಾಗಿ ಜ್ಯೋತಿರಾವ್ ಅವರಿಗೆ ಸರ್ಕಾರ ಶಾಲು ಹೊದಿಸಿ ಸನ್ಮಾನಿಸಿದ್ದು ಅಲ್ಲಿಯೇ ಎಂದು ಹೇಳಲಿಲ್ಲ. ಮಂಡಿಯ ಗೋಪುರದ ಕೆಳಗೆ ಮಕ್ಕಳು ತಿಂಡಿ ತಿಂದರು. ಈಗ ಮಹಾತ್ಮಾ ಫುಲೆ ಮಂಡಿ ಎಂದು ಕರೆಯಲಾಗುವ ಆ ಕಟ್ಟಡವನ್ನು ಕಟ್ಟುವ ಖರ್ಚನ್ನು ನಗರಸಭೆಯ ಸದಸ್ಯರಾಗಿ ವಿರೋಧಿಸಿದವರು ಫುಲೆಯವರೇ, ಆ ಹಣ ಬಡವರ ಮಕ್ಕಳ ಶಿಕ್ಷಣಕ್ಕೆ ಹೋಗಲಿ ಎಂಬುದು ಅವರ ನಿಲುವಾಗಿತ್ತು ಎಂದು ಯಾರೂ ಹೇಳಲಿಲ್ಲ. 1882ರಲ್ಲಿ ಬ್ರಿಟಿಷ್ ಸರ್ಕಾರದ ಹಂಟರ್ ಶಿಕ್ಷಣ ಆಯೋಗದ ಮುಂದೆ, ಹನ್ನೆರಡು ವರ್ಷದವರೆಗಿನ ಮಕ್ಕಳಿಗೆ ಪ್ರಾಥಮಿಕ ಶಿಕ್ಷಣ ಕಡ್ಡಾಯವಾಗಬೇಕೆಂದು ಕೇಳಿದವರೂ ಅವರೇ. ಇಂದು ಶಿಕ್ಷಣದ ಹಕ್ಕಿನ ಕಾಯ್ದೆಯಡಿ ಶಾಲೆಗೆ ಬಂದಿರುವ ಮಕ್ಕಳು, ಆ ಹಕ್ಕನ್ನು ಅಷ್ಟು ಹಿಂದೆಯೇ ಕೇಳಿದವರ ಮನೆಯ ಹತ್ತಿರದಿಂದ ಬಸ್ಸಿನಲ್ಲಿ ಹಾದುಹೋದರು.

ತಮ್ಮ ಕಷ್ಟಗಳು ನನಗೆ ಗೊತ್ತಿಲ್ಲದೆ ಇಲ್ಲ. ಐವತ್ತು ಮಕ್ಕಳನ್ನು ಎಣಿಸಿ ಹತ್ತಿಸಿ ಎಣಿಸಿ ಇಳಿಸುವ ಶಿಕ್ಷಕರ ಎದೆಬಡಿತ ನನಗೆ ಗೊತ್ತು. ಪಾಲಕರು ಕೊಟ್ಟ ಹಣಕ್ಕೆ ದೊಡ್ಡ ದೊಡ್ಡ ಜಾಗಗಳನ್ನು ತೋರಿಸಬೇಕೆಂಬ ಒತ್ತಡವೂ ಗೊತ್ತು. ಬಸ್ಸು ಗಲ್ಲಿಯೊಳಗೆ ಹೋಗುವುದಿಲ್ಲ ಎಂಬುದು ನಿಜ. ಬಸ್ಸನ್ನು ದೊಡ್ಡ ರಸ್ತೆಯಲ್ಲಿ ನಿಲ್ಲಿಸಿ, ಮಕ್ಕಳನ್ನು ಎರಡು ಗುಂಪು ಮಾಡಿ, ಬೆಳಗಿನ ಹೊತ್ತು ವಾಹನ ಕಡಿಮೆ ಇರುವಾಗ ನಡೆಸಿಕೊಂಡು ಹೋದರೆ ಆಗುವ ಕೆಲಸ ಅದು. ಒಂದು ಗಂಟೆ ಸಾಕು. ಸಂಜೆಯ ಖರೀದಿಗೆ ನಾವು ಅದಕ್ಕಿಂತ ಹೆಚ್ಚು ಹೊತ್ತು ಕೊಡುತ್ತೇವೆ.

ಆದ್ದರಿಂದ ಶಿಕ್ಷಕ ಬಂಧುಗಳಲ್ಲಿ ನನ್ನ ಮೊದಲ ವಿನಂತಿ, ಪುಣೆಗೆ ಹೋಗುವ ಪ್ರವಾಸದ ಪಟ್ಟಿಯಲ್ಲಿ ಫುಲೆ ವಾಡೆಯನ್ನು ಕೊನೆಯಲ್ಲಿ ಬರೆಯದೆ ಮೊದಲನೆಯದಾಗಿ ಬರೆಯಿರಿ ಎಂಬುದು. ಕೊನೆಯಲ್ಲಿ ಬರೆದದ್ದು ಬಿಟ್ಟುಹೋಗಲೆಂದೇ ಇರುತ್ತದೆ ಎಂಬುದು ನನ್ನ ಅನುಭವ. ಹೊರಡುವ ವಾರ ತರಗತಿಯಲ್ಲಿ ಮುಕ್ತಾಳ ಪ್ರಬಂಧದ ಸಾರವನ್ನು ಕನ್ನಡದಲ್ಲಿ ಓದಿಸಿ, ನೀರಿನ ತೊಟ್ಟಿಯ ವಿಷಯ ಹೇಳಿ. ಅಲ್ಲಿಗೆ ಹೋದ ಮೇಲೆ ಸಾಲಾಗಿ ನಿಲ್ಲಿಸಿ ಫೋಟೊ ತೆಗೆಸಿ ಹೊರಡಿಸಬೇಡಿ. ಬಾವಿಯ ಪಕ್ಕದಲ್ಲಿ, ಸಮಾಧಿಯ ಪಕ್ಕದಲ್ಲಿ ಹತ್ತು ಹತ್ತು ನಿಮಿಷ ಕುಳಿತುಕೊಳ್ಳಲು ಬಿಡಿ, ಅವರೇ ಕೇಳಲಿ. ಊರಿಗೆ ಮರಳಿದ ಮೇಲೆ, ನಮ್ಮೂರ ಹಳೆಯ ಬಾವಿಯಲ್ಲಿ ಯಾರು ನೀರು ಸೇದುತ್ತಿದ್ದರು, ಯಾರು ದೂರ ನಿಂತು ಕೊಡ ಹಿಡಿದು ಕಾಯುತ್ತಿದ್ದರು ಎಂಬುದನ್ನು ಮನೆಯ ಹಿರಿಯರನ್ನು ಕೇಳಿ ಬರೆದುಕೊಂಡು ಬರಲು ಹೇಳಿ. ಈ ಕೆಲಸವನ್ನು ನಾನು ಒಂದು ವರ್ಷ ಮಾಡಿಸಿದ್ದೆ. ಕೆಲವು ಪಾಲಕರು ಬೇಸರಪಟ್ಟರು, ಇದೆಲ್ಲ ಮಕ್ಕಳಿಗೆ ಯಾಕೆ ಎಂದು ಕೇಳಿದರು. ಒಬ್ಬ ಹುಡುಗನ ಅಜ್ಜಿ ಮಾತ್ರ ಶಾಲೆಗೇ ಬಂದು, ನನ್ನ ಮಾತು ಬರಕೊಳ್ಳಾಕ ಇಷ್ಟು ವರ್ಷ ಯಾರೂ ಬಂದಿರಲಿಲ್ಲ ಎಂದಳು.

ಶಿಕ್ಷಣಾಧಿಕಾರಿಗಳಲ್ಲಿ ನನ್ನ ವಿನಂತಿ ಬೇರೆ. ಪ್ರವಾಸಕ್ಕೆ ಅನುಮತಿ ಕೊಡುವಾಗ ತಾವು ವಾಹನದ ದಾಖಲೆ, ಮಕ್ಕಳ ಸಂಖ್ಯೆ, ಜೊತೆಗಿರುವ ಶಿಕ್ಷಕಿಯರ ಸಂಖ್ಯೆಗಳನ್ನು ನೋಡುತ್ತೀರಿ, ಅದು ಸರಿ. ಅದರ ಜೊತೆಗೆ, ಹೋಗುವ ಊರಿನಲ್ಲಿ ಸಮಾಜ ಸುಧಾರಕರಿಗೆ ಸಂಬಂಧಿಸಿದ ಒಂದು ಸ್ಥಳವಾದರೂ ಪಟ್ಟಿಯಲ್ಲಿದೆಯೇ ಎಂದು ಒಂದು ಸಾಲು ಕೇಳಿರಿ. ಆ ಒಂದು ಸಾಲಿನಿಂದ ಶಾಲೆಗಳು ಹುಡುಕತೊಡಗುತ್ತವೆ. ಫುಲೆ ವಾಡೆಯ ಬಗ್ಗೆ ನಾಲ್ಕು ಪುಟದ ಕನ್ನಡ ಕೈಪಿಡಿಯೊಂದನ್ನು ಗಡಿ ಜಿಲ್ಲೆಗಳ ಶಾಲೆಗಳಿಗಾದರೂ ಮಾಡಿಸಿ ಕೊಡಿ. ಬರೆಯಲು ಶಿಕ್ಷಕರೇ ಸಿಗುತ್ತಾರೆ, ನಾನೂ ಸಿದ್ಧಳಿದ್ದೇನೆ, ಸಂಭಾವನೆ ಬೇಡ. ಪುಣೆಗೆ ಹೋಗಲಾಗದ ದಕ್ಷಿಣದ ಹಾಗೂ ಕರಾವಳಿಯ ಶಾಲೆಗಳಿಗೆ ಇದು ಅನ್ವಯಿಸುವುದಿಲ್ಲ ಎಂದು ತಿಳಿಯಬಾರದು. 1897ರಲ್ಲಿ ಮಂಗಳೂರಿನಲ್ಲಿ ಶೋಷಿತ ಜಾತಿಗಳ ಮಕ್ಕಳಿಗಾಗಿ ಸಂಸ್ಥೆ ಕಟ್ಟಿದ ಕುದ್ಮುಲ್ ರಂಗರಾಯರ ನೆನಪು ನಮ್ಮ ನೆಲದಲ್ಲೇ ಇದೆ. ಕಡಲತೀರ ನೋಡಲು ಮಂಗಳೂರಿಗೆ ಹೋಗುವ ಎಷ್ಟು ಬಸ್ಸುಗಳು ಅವರ ಹೆಸರನ್ನು ಕೇಳಿವೆ?

ಫುಲೆ ವಾಡೆಯನ್ನು ನೋಡಿಕೊಳ್ಳುತ್ತಿರುವ ನೆರೆರಾಜ್ಯದ ಅಧಿಕಾರಿಗಳಿಗೂ ಈ ಪತ್ರ ತಲುಪುವುದಾದರೆ, ಒಬ್ಬ ಕನ್ನಡತಿಯಾಗಿ ಎರಡು ಮಾತು ಕೋರುತ್ತೇನೆ. ಗಡಿಯ ಈಚೆಯ ಮಕ್ಕಳಿಗೆ ಮರಾಠಿ ಫಲಕಗಳು ಪೂರ್ಣವಾಗಿ ಅರ್ಥವಾಗುವುದಿಲ್ಲ. ಬಾವಿಯ ಬಳಿ ಮತ್ತು ಸಮಾಧಿಯ ಬಳಿ ಕೆಲವು ಸಾಲು ಕನ್ನಡದಲ್ಲೂ ಇದ್ದರೆ ಬಹಳ ಉಪಕಾರವಾಗುತ್ತದೆ. ಹಾಗೆಯೇ, ಸ್ಮಾರಕವನ್ನು ವಿಸ್ತರಿಸುವ ಮಾತುಗಳನ್ನು ಕೇಳುತ್ತಿದ್ದೇವೆ. ಬರುವವರಿಗೆ ಅನುಕೂಲವಾಗುವುದು ಒಳ್ಳೆಯದೇ. ಆದರೆ ಆ ಮನೆ ನಿಂತಿರುವುದು ದುಡಿಯುವ ಜನರ ಇಕ್ಕಟ್ಟಾದ ಓಣಿಗಳ ನಡುವೆ, ಅದು ಮೊದಲಿನಿಂದಲೂ ಅವರ ನಡುವಿನ ಮನೆ. ವಿಸ್ತರಣೆಗಾಗಿ ಅವರಲ್ಲಿ ಯಾರಾದರೂ ಜಾಗ ಬಿಡಬೇಕಾಗಿ ಬಂದರೆ ಅವರ ಒಪ್ಪಿಗೆಯಿಂದ, ಅವರಿಗೆ ನಷ್ಟವಾಗದಂತೆ, ಅದೇ ಪೇಟೆಯಲ್ಲಿ ನೆಲೆ ಕೊಟ್ಟು ಮಾಡಿರಿ. ಮತ್ತು ಮನೆಯ ಸಣ್ಣತನವನ್ನು ಅಮೃತಶಿಲೆಯಿಂದ ಮುಚ್ಚಬೇಡಿ. ತಲೆ ತಗ್ಗಿಸಿ ಒಳಗೆ ಹೋಗಬೇಕಾದ ಆ ಬಾಗಿಲು ಹಾಗೆಯೇ ಇರಲಿ.

ಆ ಹುಡುಗಿ ಈಗ ಪದವಿಪೂರ್ವ ಕಾಲೇಜಿನಲ್ಲಿದ್ದಾಳೆ. ಬರುವ ಏಪ್ರಿಲ್ 11ರ ಹೊತ್ತಿಗೆ ಅವಳನ್ನೂ ಅವಳ ಮೂವರು ಗೆಳತಿಯರನ್ನೂ ಪುಣೆಗೆ ಕರೆದೊಯ್ಯುತ್ತೇನೆಂದು ಅವರ ಮನೆಯವರಿಗೆ ಮಾತು ಕೊಟ್ಟಿದ್ದೇನೆ. ನಾಲ್ವರನ್ನು ನಾನು ಕರೆದೊಯ್ಯಬಲ್ಲೆ. ಆ ಬಸ್ಸಿನಲ್ಲಿದ್ದ ಉಳಿದ ಮಕ್ಕಳಿಗೂ, ಈ ಡಿಸೆಂಬರಿನಲ್ಲಿ ಹೊರಡಲಿರುವ ಬಸ್ಸುಗಳ ಮಕ್ಕಳಿಗೂ ಆ ಮನೆಯನ್ನು ತೋರಿಸುವುದು ತಮ್ಮ ಕೈಯಲ್ಲಿದೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಸಮಾಜ ವಿಜ್ಞಾನ ಶಿಕ್ಷಕಿ